ಬೋರ್ಡಿನ ಮೂತಿ ಉಳಿಸಿಕೊಂಡ ಕತೆ

ವಿಂಡ್‌ಸರ್ಫಿಂಗ್ ಬೋರ್ಡಿಗೆ ನೀರಿನಿಂದ ಅಂಥ ಅಪಾಯ ಏನಿಲ್ಲ. ಅದನ್ನು ಒಡೆಯುವುದು ಅದರ ಮೇಲೇ ನಿಂತಿರುವ ಕಂಬ. ಗಾಳಿ ಒಮ್ಮೆಲೇ ಜೋರಾದರೆ ಹಾಯಿ ಮುಂದಕ್ಕೆ ಹಾರುತ್ತದೆ. ಸೊಂಟದ ಕೊಕ್ಕೆಯಿಂದ ಅದಕ್ಕೆ ಸಿಕ್ಕಿಕೊಂಡ ನಾವೂ ಕವಣೆ ಕಲ್ಲಿನ ಹಾಗೆ ಅದರ ಹಿಂದೆಯೇ ಹಾರುತ್ತೇವೆ. ನಮ್ಮ ಮೈಭಾರವನ್ನೂ ಸೇರಿಸಿಕೊಂಡು ಕಂಬ ಬೋರ್ಡಿನ ಮೂತಿಗೆ ಬಡಿಯುತ್ತದೆ. ನಾವು ನೀರಿಗೆ ಬೀಳುತ್ತೇವೆ, ಹೆಚ್ಚಿನ ಸಲ ನಮಗೆ ಏನೂ ಆಗುವುದಿಲ್ಲ. ಮೂತಿ ಮಾತ್ರ ಬಿರುಕು ಬಿಡುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೋರ್ಡಿನ ನಡುವೆ ಮಾಸ್ಟ್ ಅನ್ನುವ ಕಂಬ ಇರುತ್ತದೆ. ಅದಕ್ಕೆ ಹಾಯಿ. ಎದೆ ಎತ್ತರದಲ್ಲಿ ಹಾಯಿಯ ಎರಡೂ ಕಡೆ ಸುತ್ತಿ ಬರುವ ಹಿಡಿಕೆ ಇದೆ, ಅದಕ್ಕೆ ಬೂಮ್ ಅನ್ನುತ್ತಾರೆ. ಬೂಮಿನ ಮುಂದಿನ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಕ್ಲ್ಯಾಂಪ್ ಒಂದಿದ್ದು, ಅದು ಮಾಸ್ಟನ್ನು ಕಚ್ಚಿ ಹಿಡಿಯುತ್ತದೆ. ಮಾಸ್ಟಿನ ಬುಡದಲ್ಲಿ ರಬ್ಬರಿನ ಜಾಯಿಂಟ್. ಇಡೀ ಆಟದ ಗುಟ್ಟು ಇರುವುದು ಆ ಜಾಯಿಂಟಿನಲ್ಲೇ. 1968ರಲ್ಲಿ ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್ ಪೇಟೆಂಟಿಗೆ ಅರ್ಜಿ ಹಾಕಿದ್ದು ಎತ್ತ ಬೇಕಾದರೂ ಬಾಗುವ ಇಂಥ ಕಂಬ ಇರುವ ಬೋರ್ಡಿಗೇ. ಚುಕ್ಕಾಣಿ ಬೇಡ, ಕಂಬ ಬಾಗಿಸಿದರೆ ಸಾಕು, ಬೋರ್ಡ್ ತಿರುಗುತ್ತದೆ. ಆದರೆ ಎತ್ತ ಬೇಕಾದರೂ ಬಾಗುವ ಕಂಬ ಎತ್ತ ಬೇಕಾದರೂ ಬೀಳುತ್ತದೆ ಅಲ್ವಾ.

ಸಮುದ್ರದ ತೀರದಲ್ಲಿ ಕಲಿತವರು ನಮ್ಮ ಹಿನ್ನೀರಿಗೆ ಬಂದರೆ ಮೊದಲು ಕಕ್ಕಾಬಿಕ್ಕಿ ಆಗುತ್ತಾರೆ. ಅಲ್ಲಿ ಗಾಳಿ ಒಂದೇ ಸಮ ಬೀಸುತ್ತದೆ. ಇಲ್ಲಿ ಶರಾವತಿ ಹಿನ್ನೀರಿನಲ್ಲಿ ಹಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಆದಾಗ ಕಣಿವೆಗಳು ಮುಳುಗಿದವು, ಗುಡ್ಡದ ತಲೆಗಳು ನಡುಗಡ್ಡೆಗಳಾಗಿ ಉಳಿದವು. ಒಂದು ನಡುಗಡ್ಡೆಯ ಮರೆಗೆ ಹೋದರೆ ಗಾಳಿ ಸತ್ತೇ ಹೋಗುತ್ತದೆ. ಹಾಯಿ ಜೋತು ಬೀಳುತ್ತದೆ, ನಾವು ಹಿಂದಕ್ಕೆ ವಾಲಿದ್ದವರು ನೆಟ್ಟಗಾಗುತ್ತೇವೆ. ಮರೆ ದಾಟಿದ ಕೂಡಲೇ ಎರಡು ಗುಡ್ಡಗಳ ಸಂದಿಯಿಂದ ಗಾಳಿ ನುಗ್ಗುತ್ತದೆ. ನೆಟ್ಟಗೆ ನಿಂತವನಿಗೆ ಅದು ಹೊಡೆದರೆ ಕತೆ ಮುಗಿಯಿತು. ದೀಪಾವಳಿ ಕಳೆದ ಮೇಲೆ ಬೀಸುವ ಮೂಡಣ ಗಾಳಿಯಲ್ಲಂತೂ ಇದು ದಿನದ ಪಾಡು. ಎಷ್ಟೇ ಪಳಗಿದವರಾದರೂ ಇಲ್ಲಿ ಬೀಳುತ್ತಾರೆ. ಬೀಳುವುದನ್ನು ನಿಲ್ಲಿಸುತ್ತೇನೆ ಅಂತ ಹೊರಟರೆ ಆಗದ ಮಾತು. ಅದಕ್ಕೇ ನಾನು ಬಿದ್ದಾಗ ಕಂಬ ಎಲ್ಲಿ ಬಡಿಯುತ್ತದೆ ಅನ್ನುವುದನ್ನು ಹಿಡಿದು, ಆ ಜಾಗ ಒಂದನ್ನು ಕಾಪಾಡುವ ದಾರಿ ಹಿಡಿದೆ.

ನನ್ನದು ಗೋವಾದಲ್ಲಿ ಒಬ್ಬರು ಬಳಸಿ ಮಾರಿದ ಬೋರ್ಡ್. ಉದ್ದ 270 ಸೆಂಟಿಮೀಟರ್, ಗಾತ್ರ ಸುಮಾರು 150 ಲೀಟರ್. ಕಾರವಾರ, ಹೊನ್ನಾವರ, ಗೇರುಸೊಪ್ಪೆ ಘಾಟಿ ಹತ್ತಿಸಿ ಭಾವನ ಜೀಪಿನ ಮೇಲೆ ತಂದೆವು. ಬೋರ್ಡಿನ ಮೇಲ್ಮೈಯಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಗಾಳಿ ಆಡಲಿಕ್ಕೆ. ಘಾಟಿ ಹತ್ತುವ ಮೊದಲು ಅದನ್ನು ಸಡಿಲ ಮಾಡಬೇಕು. ಲಿಂಗನಮಕ್ಕಿಯ ಪೂರ್ಣ ಮಟ್ಟವೇ 1819 ಅಡಿ. ಸಮುದ್ರದ ಮಟ್ಟದಲ್ಲಿ ಮುಚ್ಚಿದ ಬೋರ್ಡನ್ನು ಅಷ್ಟು ಎತ್ತರಕ್ಕೆ ತಂದು, ಮೇಲಿಂದ ಬಿಸಿಲಿಗೂ ಇಟ್ಟರೆ ಒಳಗಿನ ಗಾಳಿ ಹಿಗ್ಗಿ ಮೇಲಿನ ಪದರವನ್ನು ಎಬ್ಬಿಸುತ್ತದೆ. ನೀರಿಗೆ ಇಳಿಸುವ ಮುಂಚೆ ಆ ಸ್ಕ್ರೂ ಮತ್ತೆ ಬಿಗಿ ಮಾಡಬೇಕು, ಅದೂ ಅಷ್ಟೇ ಮುಖ್ಯ.

ಬೋರ್ಡ್ ನೋಡಿದರೆ ಗಟ್ಟಿಮುಟ್ಟಾಗಿ ಕಾಣುತ್ತದೆ. ಒಳಗೆ ಇರುವುದು ಥರ್ಮಾಕೋಲ್! ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಅದೇ ಜಾತಿ. 150 ಲೀಟರ್ ಬೋರ್ಡಿನೊಳಗಿನ ಥರ್ಮಾಕೋಲಿನ ತೂಕ ಮೂರು ಕೆಜಿ ಬಂದರೆ ಹೆಚ್ಚು. ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಗಟ್ಟಿ ಫೋಮ್, ಆ ಫೋಮಿನ ಎರಡೂ ಕಡೆ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ರಾಳ, ಕೊನೆಗೆ ಬಣ್ಣ. ಕಾಲಿನ ಹಾಗೆ ಅಗಲವಾಗಿ ಬೀಳುವ ಭಾರವನ್ನು ಈ ಪದರ ಚೆನ್ನಾಗಿ ತಡೆಯುತ್ತದೆ. ಕ್ಲ್ಯಾಂಪಿನ ಮೂಲೆಯಂಥದ್ದು ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಡಿದರೆ ತಡೆಯುವುದಿಲ್ಲ. ಒಮ್ಮೆ ಬಿರುಕು ಬಿಟ್ಟರೆ ನೀರು ಒಳಗೆ ಇಳಿಯುತ್ತದೆ. ಥರ್ಮಾಕೋಲಿನ ಕಾಳುಗಳ ನಡುವೆ ಸೇರಿಕೊಂಡ ನೀರನ್ನು ಹೊರಗೆ ತೆಗೆಯುವುದು ದೊಡ್ಡ ತಲೆನೋವು.

ಅದಕ್ಕೇ ಮೊದಲು ಮಾಡಿದ್ದು ತೂಕ. ಭಾವನ ಮನೆಯಲ್ಲಿ ಅಡಿಕೆ ತೂಗುವ ಕಾಟಾ ಇದೆ. ಅದರ ಮೇಲೆ ಬೋರ್ಡ್ ಅಡ್ಡ ಇಟ್ಟೆವು. ಕಂಪನಿ ಹೇಳಿದ್ದಕ್ಕಿಂತ ಅರ್ಧ ಕೆಜಿ ಜಾಸ್ತಿ ಬಂತು. ಕಂಪನಿಗಳೇ ಶೇಕಡಾ 5–6 ಹೆಚ್ಚುಕಡಿಮೆ ಇರಬಹುದು ಅಂತ ಬರೆದಿರುತ್ತವೆ, ಹಾಗಾಗಿ ಅದೊಂದರಿಂದ ಏನೂ ತೀರ್ಮಾನ ಮಾಡಲಿಕ್ಕೆ ಬರುವುದಿಲ್ಲ. ಆದರೆ ಮೂತಿಯ ಬಲಭಾಗದಲ್ಲಿ ಹಳೇ ಮಾಲೀಕರು ಪುಟ್ಟಿ ಮೆತ್ತಿದ ಗುರುತಿತ್ತು. ಗಾಳಿ ಸ್ಕ್ರೂ ಬಿಚ್ಚಿ, ಅಲ್ಲಿಂದ ಬಾಯಲ್ಲಿ ಮೆಲ್ಲಗೆ ಊದಿ, ಪುಟ್ಟಿಯ ಮೇಲೆ ಸೋಪಿನ ನೀರು ಬಿಟ್ಟೆವು. ಸಣ್ಣ ಸಣ್ಣ ಗುಳ್ಳೆ ಎದ್ದವು. ಸೋರುತ್ತಿದೆ ಅಂತ ಆಯಿತು. ಊದುವಾಗ ಸೈಕಲ್ ಪಂಪು, ಗ್ಯಾರೇಜಿನ ಕಂಪ್ರೆಸರ್ ಹತ್ತಿರ ತರಬೇಡಿ. ಬಾಯಿಯ ಗಾಳಿಯೇ ಸಾಕು, ಒತ್ತಡ ಜಾಸ್ತಿಯಾದರೆ ಚೆನ್ನಾಗಿರುವ ಜಾಗವೂ ಬಿಟ್ಟುಕೊಳ್ಳುತ್ತದೆ.

ಪುಟ್ಟಿ ಕೆತ್ತಿ ತೆಗೆದರೆ ಒಳಗೆ ಒದ್ದೆ. ಬೋರ್ಡನ್ನು ಮೂತಿ ಕೆಳಗಾಗಿ ಕೊಟ್ಟಿಗೆಯ ಗೋಡೆಗೆ ಒರಗಿಸಿ ಬಿಟ್ಟೆ. ಹನಿ ಇಳಿಯುವುದು ನಿಂತ ಮೇಲೂ ಒಳಗೆ ತೇವ ಉಳಿದಿರುತ್ತದೆ. ಭಾವನಿಗೆ ಇದು ನೋಡಿ ಬೇಜಾರಾಯಿತು.

"ಎಂತಕ್ಕೆ ಇಷ್ಟು ದಿನ ಕಾಯ್ತೀಯ ಮಾರಾಯ? ಅಡಿಕೆ ಡ್ರೈಯರಿಗೆ ಹಾಕು, ರಾತ್ರಿ ಬೆಳಗಾಗೋದ್ರೊಳಗೆ ಒಣಗ್ತದೆ."

"ಬೇಡ ಭಾವ, ಥರ್ಮಾಕೋಲ್ ಬಿಸಿ ತಾಳೋದಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ನಿಮ್ಮ ಡ್ರೈಯರಲ್ಲಿ ಬೋರ್ಡಿನ ಹಪ್ಪಳ ಇರ್ತದೆ."

ಅಂತೂ ನೆರಳಲ್ಲೇ, ಟೇಬಲ್ ಫ್ಯಾನ್ ಹಚ್ಚಿ ಒಣಗಿಸಿದ್ದು. ಮತ್ತೆ ತೂಗಿದಾಗ ಕಾಟಾದ ಮುಳ್ಳು ಹಿಂದೆ ಸರಿದಿತ್ತು. ಅದು ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಕಾಯುವುದೇ ಸರಿಯಾದ ದಾರಿ.

ಇನ್ನು ತೇಪೆ ಹಾಕಬೇಕಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಬಸ್ಸಿನ ಬಂಪರು, ಡ್ಯಾಶ್‌ಬೋರ್ಡು ಎಲ್ಲಾ ಫೈಬರ್ ಕೆಲಸ ಮಾಡುವವರಿದ್ದಾರೆ. ಅವರ ಹತ್ತಿರ ಗಾಜಿನ ನಾರಿನ ಬಟ್ಟೆ ತುಂಡು ಲೆಕ್ಕದಲ್ಲಿ ಸಿಗುತ್ತದೆ. ರಾಳವೂ ಇದೆ, ಆದರೆ ಅವರು ಬಳಸುವುದು ಪಾಲಿಯೆಸ್ಟರ್ ರಾಳ. ಅಗ್ಗ, ಬೇಗ ಗಟ್ಟಿಯಾಗುತ್ತದೆ. ಕೆಲಸದವರು ಪ್ರೀತಿಯಿಂದಲೇ, "ಬಿಟ್ಟು ಹೋಗಿ ಸಾರ್, ಸಂಜೆಗೆ ಹಚ್ಚಿ ಕೊಡ್ತೀವಿ" ಅಂದರು. ನಾನು ಅವರ ಅಂಗಡಿಯ ಮೂಲೆಯಲ್ಲೇ ಬಿದ್ದಿದ್ದ ಥರ್ಮಾಕೋಲಿನ ಚೂರು ತೆಗೆದುಕೊಂಡು, ಅದರ ಮೇಲೆ ಆ ರಾಳ ಒಂದು ಚಮಚ ಹುಯ್ಯಲು ಹೇಳಿದೆ. ನೋಡನೋಡುತ್ತಿದ್ದಂತೆ ಥರ್ಮಾಕೋಲ್ ಕರಗಿ ಗುಂಡಿ ಬಿತ್ತು. ಪಾಲಿಯೆಸ್ಟರ್ ರಾಳದಲ್ಲಿ ಸ್ಟೈರೀನ್ ಇರುತ್ತದೆ, ಥರ್ಮಾಕೋಲ್ ಕೂಡ ಸ್ಟೈರೀನಿನಿಂದಲೇ ಮಾಡಿದ್ದು, ಹಾಗಾಗಿ ಅದು ಇದನ್ನು ಕರಗಿಸುತ್ತದೆ. ಕೆಲಸದ ಹುಡುಗರು ಎಲ್ಲಾ ಬಂದು ಸುತ್ತ ನಿಂತರು. ಒಬ್ಬ ಪೆಟ್ರೋಲ್ ಹುಯ್ದು ನೋಡಿದ, ಅದಕ್ಕೂ ಕರಗಿತು. ನಂತರ ಅರ್ಧ ಗಂಟೆ ಆ ಅಂಗಡಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ ಅನ್ನಿ.

ಬೇಕಾಗಿದ್ದು ಎಪಾಕ್ಸಿ. ಅದು ಥರ್ಮಾಕೋಲಿಗೆ ಏನೂ ಮಾಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅರಾಲ್ಡೈಟ್ ಎಪಾಕ್ಸಿಯೇ, ಆದರೆ ಬಟ್ಟೆಗೆ ಇಂಗುವಷ್ಟು ತೆಳ್ಳಗಿರುವುದಿಲ್ಲ. ತೆಳು ಎಪಾಕ್ಸಿಯನ್ನು ಬೆಂಗಳೂರಿನಿಂದ ತರಿಸಿದೆ. ಗುಂಡಿ ತುಂಬಿಸಲು ಮರಗೆಲಸದ ಅಂಗಡಿಯಿಂದ ನುಣ್ಣನೆಯ ಹೊಟ್ಟು ತಂದು, ಜರಡಿ ಹಿಡಿದು, ಎಪಾಕ್ಸಿಯಲ್ಲಿ ಕಲಸಿ ಮೆತ್ತಿದೆ. ಅದರ ಮೇಲೆ ಎರಡು ಪದರ ಬಟ್ಟೆ, ಕೆಳಗಿನದು ಚಿಕ್ಕದು, ಮೇಲಿನದು ಅದಕ್ಕಿಂತ ಎರಡು ಬೆರಳು ದೊಡ್ಡದು. ಮೇಲೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಒತ್ತಿ ಇಟ್ಟರೆ ಮೇಲ್ಮೈ ನುಣುಪಾಗಿ ಬರುತ್ತದೆ, ಪ್ಲಾಸ್ಟಿಕ್ಕೂ ಅಂಟುವುದಿಲ್ಲ. ಡಬ್ಬದ ಮೇಲೆ ಬರೆದ ಅಳತೆ ಮಾತ್ರ ತಪ್ಪಬಾರದು. ಹಾರ್ಡ್‌ನರ್ ಎರಡು ಹನಿ ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದು ಪಾಲಿಯೆಸ್ಟರಿನ ಲೆಕ್ಕ, ಎಪಾಕ್ಸಿಗೆ ಅದು ನಡೆಯುವುದಿಲ್ಲ, ಜಿಗುಟು ಉಳಿದುಬಿಡುತ್ತದೆ.

ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಚಳಿಗಾಲದ ಇಬ್ಬನಿಯಲ್ಲಿ ಎಪಾಕ್ಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೇಲೆ ಮೇಣದ ಥರದ ಒಂದು ತೆಳು ಪದರ ಕೂತಿರುತ್ತದೆ. ಕೆಟ್ಟಿತು ಅಂತ ಗಾಬರಿ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಸ್ಯಾಂಡ್‌ಪೇಪರ್ ಹಾಕಿ. ಒರೆಸದೆ ಉಜ್ಜಿದರೆ ಮೇಣ ಒಳಗೆ ಸೇರಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಇಷ್ಟು ಆದ ಮೇಲೆ ನಿಜವಾದ ಕೆಲಸ ಶುರುವಾಯಿತು.

ಮೂತಿಗೆ ಹಾಕುವ ರಕ್ಷಾಕವಚ ವಿದೇಶದಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಮೆತ್ತನೆಯ ಫೋಮಿನದು, ಮೂತಿಯ ಆಕಾರಕ್ಕೆ ಕತ್ತರಿಸಿದ್ದು. ಸಾಗಣೆ, ಸುಂಕ ಸೇರಿಸಿದರೆ ದುಬಾರಿ. ಅದಕ್ಕಿಂತ ಹೆಚ್ಚಾಗಿ, ಅದು ಯಾರ ಬೋರ್ಡಿಗೋ ಯಾರ ಎತ್ತರಕ್ಕೋ ಮಾಡಿದ್ದು. ಕಂಬ ಎಲ್ಲಿ ಬಡಿಯುತ್ತದೆ ಅನ್ನುವುದು ಮೂರು ಅಳತೆಗಳ ಮೇಲೆ ನಿಂತಿದೆ. ಮಾಸ್ಟಿನ ಬುಡದಿಂದ ಮೂತಿಯ ತುದಿಗೆ ಎಷ್ಟು ದೂರ, ಬೂಮನ್ನು ಎಷ್ಟು ಎತ್ತರಕ್ಕೆ ಕಟ್ಟುತ್ತೀರಿ, ಬೋರ್ಡಿನ ಮೂತಿ ಎಷ್ಟು ಮೇಲಕ್ಕೆ ಬಾಗಿದೆ. ನನ್ನ ಬೋರ್ಡಿನಲ್ಲಿ ಬುಡದಿಂದ ತುದಿಗೆ 140 ಸೆಂಟಿಮೀಟರ್, ಬೂಮ್ ಕಟ್ಟುವುದು 136ಕ್ಕೆ. ಅಂದರೆ ಕಂಬ ನೇರ ಮುಂದಕ್ಕೆ ಮಲಗಿದರೆ ಕ್ಲ್ಯಾಂಪ್ ಬಂದು ಕೂರುವುದು ತುದಿಯಿಂದ ನಾಲ್ಕು ಸೆಂಟಿಮೀಟರ್ ಒಳಗೆ. ಬೋರ್ಡಿನ ಅತ್ಯಂತ ತೆಳು ಜಾಗಕ್ಕೆ ಕಂಬದ ಅತ್ಯಂತ ಗಡಸು ಜಾಗ! 240 ಸೆಂಟಿಮೀಟರಿನ ಚಿಕ್ಕ ಬೋರ್ಡಿಗೆ ಹೀಗಾಗುವುದಿಲ್ಲ. ಅಲ್ಲಿ ಕ್ಲ್ಯಾಂಪ್ ಮೂತಿಯನ್ನೂ ದಾಟಿ ನೀರಿಗೆ ಹೋಗುತ್ತದೆ, ಮೂತಿಯ ಅಂಚಿಗೆ ಬಡಿಯುವುದು ಬರೀ ಮಾಸ್ಟು. ಅಂಥವರಿಗೆ ಬೂಮಿನ ಕೆಳಗೆ ಮಾಸ್ಟಿಗೆ ಮೆತ್ತೆ ಸುತ್ತುವುದೇ ಜಾಸ್ತಿ ಉಪಯೋಗ.

ಲೆಕ್ಕದಲ್ಲಿ ಸಿಕ್ಕಿದ್ದನ್ನು ಕಣ್ಣಲ್ಲಿ ನೋಡಬೇಕಿತ್ತು. ಅಂಗಳದಲ್ಲಿ ಹುಲ್ಲಿನ ಮೇಲೆ ಬೋರ್ಡ್ ಇಟ್ಟು, ಹಾಯಿ ಸಮೇತ ಮಾಸ್ಟ್ ಜೋಡಿಸಿ, ಕ್ಲ್ಯಾಂಪಿಗೆ ಮತ್ತು ಅದರ ಕೆಳಗಿನ ಒಂದು ಮೊಳ ಮಾಸ್ಟಿಗೆ ಒದ್ದೆ ಕೆಮ್ಮಣ್ಣು ಬಳಿದೆ. ಕಂಬವನ್ನು ಮೆಲ್ಲಗೆ ಮುಂದಕ್ಕೆ ಇಳಿಸುವುದು, ಬೋರ್ಡಿನ ಮೇಲೆ ಕೆಂಪು ಗುರುತು ಬಿದ್ದಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕುವುದು.

ಅಕ್ಕ ಕಾಫಿ ತಂದವಳು ನೋಡಿ, "ಭೂಮಿ ಹುಣ್ಣಿಮೆ ಮುಗಿದು ತಿಂಗಳಾಯ್ತಲ್ಲೋ, ಈಗೆಂತ ಕೆಮ್ಮಣ್ಣು ಬಳೀತಿದೀಯ?" ಅಂದಳು. ಆ ಹಬ್ಬಕ್ಕೆ ನಮ್ಮ ಕಡೆ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಾರೆ.

ನೇರ ಮುಂದಕ್ಕೆ ಇಳಿಸಿದ ಗುರುತು ಲೆಕ್ಕಕ್ಕೆ ಹತ್ತಿರವೇ ಬಂತು. ಮೂತಿ ಮೇಲಕ್ಕೆ ಬಾಗಿರುವುದರಿಂದ ಅದು ಸ್ವಲ್ಪ ಬೇಗ ತಾಗುತ್ತದೆ. ಆದರೆ ಮಾಸ್ಟಿನ ಬುಡವನ್ನು ಅದು ಕೂರುವ ಉದ್ದನೆಯ ಸೀಳಿನಲ್ಲಿ ಹಿಂದೆ ಮುಂದೆ ಸರಿಸಬಹುದು. ಮುಂದೆ ಸರಿಸಿದರೆ ಕ್ಲ್ಯಾಂಪ್ ತುದಿಯಿಂದ ಆಚೆ ಹೋಗುತ್ತದೆ, ಹಿಂದೆ ಸರಿಸಿದರೆ ಒಂದು ಗೇಣು ಒಳಗೆ ಬೀಳುತ್ತದೆ. ಹಾಗಾಗಿ ಗುರುತು ಒಂದು ಚುಕ್ಕೆ ಆಗದೆ ಒಂದು ಪಟ್ಟಿ ಆಯಿತು. ಅಷ್ಟೇ ಅಲ್ಲ, ನಿಜವಾಗಿ ಬೀಳುವಾಗ ಕಂಬ ನೇರ ಮುಂದಕ್ಕೆ ಬರುವುದೇ ಕಡಿಮೆ. ಎಡಗಾಲು ಮುಂದಿಟ್ಟು ಹೋಗುವಾಗ ಹಾಯಿ ಬಲಗಡೆ ಇರುತ್ತದೆ, ಬಡಿಯುವುದೂ ಮೂತಿಯ ಬಲ ಅಂಚಿಗೆ. ಬಲಗಾಲು ಮುಂದಿದ್ದರೆ ಎಡ ಅಂಚಿಗೆ. ಹಳೇ ಮಾಲೀಕರ ತೇಪೆ ಬಲಕ್ಕೇ ಯಾಕಿತ್ತು ಅನ್ನುವುದು ಆಗ ಅರ್ಥವಾಯಿತು. ಅವರು ಯಾವ ಕಾಲು ಮುಂದಿಟ್ಟು ಹೆಚ್ಚು ಜೋರಾಗಿ ಹೋಗುತ್ತಿದ್ದರು ಅಂತ ಬೋರ್ಡೇ ಹೇಳುತ್ತಿತ್ತು. ಅಂಚು ಇನ್ನೂ ಸೂಕ್ಷ್ಮ. ಅಲ್ಲಿ ಪದರ ಬಾಗುತ್ತದೆ, ಮೇಲಿನ ಮತ್ತು ಕೆಳಗಿನ ಹೊದಿಕೆ ಕೂಡುವುದೂ ಅಲ್ಲೇ.

ಕೊನೆಗೆ ಕೆಂಪು ಗುರುತುಗಳನ್ನೆಲ್ಲ ಸೇರಿಸಿ ಗೆರೆ ಎಳೆದಾಗ ಕುದುರೆ ಲಾಳದ ಆಕಾರ ಬಂತು. ತುದಿಯಿಂದ ಒಂದು ಗೇಣು ಹಿಂದಕ್ಕೆ, ಎರಡೂ ಅಂಚಿನಲ್ಲಿ ಇನ್ನೂ ಅರ್ಧ ಗೇಣು ಹೆಚ್ಚಿಗೆ. ಹಳೇ ನ್ಯೂಸ್‌ಪೇಪರ್ ಹಾಸಿ ಅದರ ಅಚ್ಚು ಕತ್ತರಿಸಿಕೊಂಡೆ.

ಅಚ್ಚು ಹಿಡಿದು ಹೋಗಿದ್ದು ಸಾಗರ ಪೇಟೆಯಲ್ಲಿ ಬೈಕು, ಆಟೋ ಸೀಟು ಹೊಲಿಯುವ ಅಂಗಡಿಗೆ. ಜೊತೆಗೆ ಬೂಮನ್ನೂ ಒಯ್ದಿದ್ದೆ.

"ಎಂತದು ಸಾರ್ ಇದು, ವಿಮಾನದ್ದಾ?"

"ನೀರಿನ ಮೇಲೆ ಹೋಗೋದು ಭಾಯ್. ಇದು ಬಂದು ಬಡಿದ್ರೆ ಪೆಟ್ಟಾಗಬಾರದು, ಅಂಥ ಒಂದು ಮೆತ್ತೆ ಬೇಕು."

ಅವರು ಒಳ್ಳೆ ಸೀಟಿನ ಸ್ಪಂಜು ತೋರಿಸಿದರು. ಬೈಕಿಗೆ ಅದು ಸರಿ. ನನಗೆ ನೀರು ಕುಡಿಯದ ಫೋಮ್ ಬೇಕು. ಸೀಟಿನ ಸ್ಪಂಜಿನ ತೂತುಗಳೆಲ್ಲ ಒಂದಕ್ಕೊಂದು ಸೇರಿರುತ್ತವೆ, ನೀರು ಹೀರಿ ಮೂತಿ ಭಾರ ಆಗುತ್ತದೆ. ಈವಿಎ ಫೋಮಿನಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿಕೊಂಡಿರುತ್ತದೆ. ಚಪ್ಪಲಿ ಅಟ್ಟೆಗೆ, ಯೋಗ ಮ್ಯಾಟಿಗೆ, ಮಕ್ಕಳ ಆಟದ ಹಾಸಿಗೆಗೆ ಬಳಸುವುದು ಅದನ್ನೇ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚಪ್ಪಲಿ ಸಾಮಾನು ಮಾರುವಲ್ಲಿ ಹಾಳೆ ಲೆಕ್ಕದಲ್ಲಿ ಸಿಕ್ಕಿತು. ಎರಡು ಥರ ತಂದೆ. 10 ಮಿಲಿಮೀಟರಿನ ಮೆತ್ತನೆಯದು, 6 ಮಿಲಿಮೀಟರಿನ ಗಟ್ಟಿ ಅಟ್ಟೆಯದು.

ಮೆತ್ತನೆಯದು ಕೆಳಗೆ, ಗಟ್ಟಿಯದು ಮೇಲೆ. ಇದನ್ನು ಯಾರೂ ಉಲ್ಟಾ ಮಾಡಬಾರದು. ಮೇಲಿನ ಗಟ್ಟಿ ಪದರ ಪೆಟ್ಟನ್ನು ಅಗಲ ಮಾಡುತ್ತದೆ, ಕೆಳಗಿನ ಮೆತ್ತನೆಯದು ಕುಗ್ಗಿ ಅದನ್ನು ನುಂಗುತ್ತದೆ. ಬರೀ ಮೆತ್ತನೆಯದು ಹಾಕಿದರೆ ಕ್ಲ್ಯಾಂಪಿನ ಮೂಲೆ ಅದನ್ನು ಪೂರ್ತಿ ಒತ್ತಿ ಬೋರ್ಡಿಗೇ ತಾಗುತ್ತದೆ. ಬರೀ ಗಟ್ಟಿಯದಾದರೆ ಪೆಟ್ಟು ಹಾಗೇ ಒಳಗೆ ಹೋಗುತ್ತದೆ.

ಅಂಟಿಸಲು ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಗಮ್ಮೇ ಸಾಕು. ಆದರೆ ಆ ಗಮ್ಮಿನ ದ್ರಾವಕವೂ ಥರ್ಮಾಕೋಲ್ ಕರಗಿಸುವ ಜಾತಿಯದೇ. ಬಣ್ಣ, ಎಪಾಕ್ಸಿ ಗಟ್ಟಿಯಾಗಿರುವ ಕಡೆ ತೊಂದರೆ ಇಲ್ಲ. ಎಲ್ಲಾದರೂ ಬಿರುಕು ಇದ್ದರೆ ಅದರೊಳಗೆ ಇಳಿಯಬಾರದು. ಮೊದಲು ತೇಪೆ, ಆಮೇಲೆ ಮೆತ್ತೆ ಅನ್ನುವ ಕ್ರಮ ಅದಕ್ಕೇ. ಬೋರ್ಡಿನ ಹೊಳಪು ಹೋಗುವಷ್ಟು 220 ನಂಬರ್ ಪೇಪರಿನಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಎರಡೂ ಕಡೆ ತೆಳ್ಳಗೆ ಗಮ್ ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಒತ್ತಿಕೊಂಡು ಹೋಗಬೇಕು. ಒಮ್ಮೆ ತಾಗಿದರೆ ಸರಿಸಲಿಕ್ಕೆ ಬರುವುದಿಲ್ಲ, ಅದಕ್ಕೇ ಪೆನ್ಸಿಲ್ ಗೆರೆ ಬೇಕು. ಫೋಮಿನ ಅಂಚನ್ನು ನೇರ ಕತ್ತರಿಸದೆ ಓರೆ ಕತ್ತರಿಸಿದರೆ ನೀರು ಅದರ ಅಡಿಗೆ ನುಗ್ಗಿ ಎಬ್ಬಿಸುವುದಿಲ್ಲ. ಬಾಗಿದ ಕಡೆ ಫೋಮಿಗೆ ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ತೋರಿಸಿದರೆ ಹೇಳಿದ ಮಾತು ಕೇಳುತ್ತದೆ. ಬಿಸಿ ತೋರಿಸುವುದು ಫೋಮಿಗೆ, ಬೋರ್ಡಿಗಲ್ಲ.

ಬೂಮಿನ ಕ್ಲ್ಯಾಂಪಿಗೆ ಭಾಯ್ ಒಂದು ರೆಕ್ಸಿನ್ ಟೊಪ್ಪಿಗೆ ಹೊಲಿದು ಕೊಟ್ಟರು. ಒಳಗೆ ಅದೇ ಈವಿಎ, ಹೊರಗೆ ಆಟೋ ಸೀಟಿನ ನೀಲಿ ರೆಕ್ಸಿನ್, ಸುತ್ತಿ ಬಿಗಿಯಲು ವೆಲ್ಕ್ರೋ, ಕೆಳಗೆ ನೀರು ಹೋಗಲು ಎರಡು ಐಲೆಟ್. ಐಲೆಟ್ ಹಾಕುವ ಯೋಚನೆ ಅವರದೇ, ನನಗೆ ಹೊಳೆದಿರಲಿಲ್ಲ. ಕ್ಲ್ಯಾಂಪಿನ ಲಿವರ್ ತೆಗೆಯಲು ಹಾಕಲು ಜಾಗ ಬಿಟ್ಟು ಹೊಲಿಯಬೇಕು, ಇಲ್ಲದಿದ್ದರೆ ಪ್ರತಿ ಸಲ ಟೊಪ್ಪಿಗೆ ಬಿಚ್ಚುವ ಕೆಲಸ. ಕ್ಲ್ಯಾಂಪಿನ ಕೆಳಗಿನ ಮಾಸ್ಟಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಸೀಳಿ ಹಾಕಿದೆ.

ಮೆತ್ತೆ ಹಾಕಿದರೆ ಕೆಲಸ ಅರ್ಧ ಆಯಿತು. ಇನ್ನರ್ಧ ಬೀಳುವ ರೀತಿ.

ಹಾರ್ನೆಸ್ ಅಂದರೆ ಸೊಂಟದ ಪಟ್ಟಿ. ಅದರ ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಹಾಕದೆ ಬರೀ ಕೈಯಲ್ಲಿ ಹಿಡಿದು ಹೋಗುವಾಗ ಗಾಳಿ ಜಾಸ್ತಿ ಅನಿಸಿದರೆ ಹಿಂದಿನ ಕೈ ಬಿಟ್ಟುಬಿಡಿ. ಹಾಯಿಯಿಂದ ಗಾಳಿ ಸೋರಿ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಎರಡೂ ಕೈ ಬಿಡಿ, ಹಾಯಿ ಪಕ್ಕದ ನೀರಿಗೆ ಮೆತ್ತಗೆ ಬೀಳುತ್ತದೆ. ಕೊಕ್ಕೆ ಹಾಕಿದಾಗ ಕೈ ಬಿಡುವುದು ಬೇರೆ ಕತೆ. ಕೈ ಬಿಟ್ಟರೂ ಸೊಂಟ ಬಿಡುವುದಿಲ್ಲ. ಮೈ ಬೂಮಿನಿಂದ ದೂರ ಹಾರಿ, ಹಗ್ಗದ ಉದ್ದಕ್ಕೆ ಬೀಸಿ, ಮಾಸ್ಟಿನ ಮೇಲೋ ಮೂತಿಯ ಮೇಲೋ ಅಪ್ಪಳಿಸುತ್ತದೆ. ಆಗ ಬೂಮನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬೀಳಬೇಕು, ಕೈ ನೆಟ್ಟಗಿಟ್ಟು. ಇದು ಮೈಗೂ ಒಳ್ಳೆಯದು. ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್ ಇರಲೇಬೇಕು, ಅದರಲ್ಲಿ ಚೌಕಾಸಿ ಬೇಡ.

ಎಲ್ಲಕ್ಕಿಂತ ಮೊದಲು ಬರುವುದು ನೀರಿನ ಮೇಲಿನ ಬಣ್ಣ. ಗಾಳಿಯ ಹೊಡೆತ ಬರುವ ಮುಂಚೆ ನೀರಿನ ಮೇಲೆ ಕಪ್ಪು ಛಾಯೆ ಸರಿದು ಬರುತ್ತದೆ. ನಡುಗಡ್ಡೆಯ ಮರೆ ದಾಟುವ ಮೊದಲೇ ಮೊಣಕಾಲು ಮಡಿಸಿ, ಕುರ್ಚಿಯಲ್ಲಿ ಕೂರುವವರಂತೆ ಸೊಂಟ ಇಳಿಸಿ, ಕೊಕ್ಕೆ ಬಿಚ್ಚಿಬಿಡುವುದು ನನ್ನ ಪದ್ಧತಿ. ಸಮುದ್ರದವರು ಇದನ್ನು ನೋಡಿದರೆ ನಗಬಹುದು. ನಗಲಿ ಬಿಡಿ, ಅವರಿಗೆ ನಡುಗಡ್ಡೆ ಇಲ್ಲವಲ್ಲ.

ಅನುಮತಿಯ ಕೆಲಸ ಮುಗಿಸಿ, ಗಾಳಿ ಒಳ್ಳೆಯದಿದ್ದ ಒಂದು ದಿನ ನೀರಿಗೆ ಇಳಿಸಿದೆವು. ಈ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು, ದಂಡೆಯ ಎಷ್ಟೋ ಭಾಗ ಅಭಯಾರಣ್ಯ, ಸುಮ್ನೆ ಎಲ್ಲೆಂದರಲ್ಲಿ ಇಳಿಯಲು ಬರುವುದಿಲ್ಲ. ಭಾವ ಪರಿಚಯದವರ ದೋಣಿಯಲ್ಲಿ ಹಿಂದೆಯೇ ಇದ್ದರು. ಎರಡನೇ ನಡುಗಡ್ಡೆಯ ಹತ್ತಿರ ಕಾಯುತ್ತಿದ್ದದ್ದು ಬಂದೇ ಬಂತು. ಕೊಕ್ಕೆ ಬಿಚ್ಚುವ ಮೊದಲೇ ಗಾಳಿ ತಿರುಗಿ ಹೊಡೆಯಿತು. ಬೂಮ್ ಹಿಡಿದುಕೊಂಡೇ ಹಾರಿದೆ. ಕಿವಿಯ ಪಕ್ಕದಲ್ಲೇ ಧಪ್ ಅಂತ ಸದ್ದು. ಚಟ್ ಅನ್ನಲಿಲ್ಲ, ಧಪ್ ಅಂದಿತು! ನೀರೊಳಗೆ ಇದ್ದರೂ ಖುಷಿ ಆಯಿತು.

ದಂಡೆಗೆ ಬಂದು ನೋಡಿದರೆ ಬಲ ಅಂಚಿನಲ್ಲಿ ಗಟ್ಟಿ ಫೋಮಿನ ಮೇಲೆ ಕ್ಲ್ಯಾಂಪಿನ ಅಚ್ಚು ಬಿದ್ದಿತ್ತು. ಕೆಳಗೆ ಬೆರಳಿನಿಂದ ತಟ್ಟಿ ನೋಡಿದೆ. ಒಳಗೆ ಬಿಟ್ಟುಕೊಂಡಿದ್ದರೆ ಸದ್ದು ಡೊಳ್ಳಾಗುತ್ತದೆ, ಹಾಗೇನೂ ಇರಲಿಲ್ಲ. ಆಮೇಲೆ ಕಾಟಾದ ಮೇಲೆ ಇಟ್ಟಾಗಲೂ ತೂಕ ಹೆಚ್ಚಿರಲಿಲ್ಲ.

ಎಲ್ಲವೂ ಸರಿ ಹೋಯಿತು ಅಂತಲ್ಲ. ಬೂಮಿನ ಟೊಪ್ಪಿಗೆ ಮಾಸ್ಟಿನ ಸುತ್ತ ತಿರುಗಿ, ಅರ್ಧ ಕ್ಲ್ಯಾಂಪ್ ಬೆತ್ತಲೆಯಾಗಿತ್ತು. ವೆಲ್ಕ್ರೋ ಒದ್ದೆಯಾದರೆ ಹಿಡಿತ ಕಡಿಮೆ. ಭಾಯ್ ಆಮೇಲೆ ಬೂಮಿನ ಎರಡೂ ತೋಳಿಗೆ ಸುತ್ತಿ ಬರುವ ಹಾಗೆ ಶಾಲಾ ಬ್ಯಾಗಿನ ಬಕಲ್ ಪಟ್ಟಿ ಸೇರಿಸಿ ಕೊಟ್ಟರು, ಆಗ ನಿಂತಿತು. ಎಸಿ ಪೈಪಿನ ಕಪ್ಪು ಫೋಮ್ ಬಿಸಿಲಿಗೆ ಸಣ್ಣಗೆ ಸೀಳು ಬಿಡಲು ಶುರು ಮಾಡಿದೆ, ಅದಕ್ಕೂ ರೆಕ್ಸಿನ್ ಬೇಕು.

ಮೆತ್ತೆ ಏನೂ ಮಾಡಲಾಗದ ಜಾಗಗಳೂ ಇವೆ. 1964ರಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಈಗಲೂ ನೀರೊಳಗೆ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಹಿರೇಭಾಸ್ಕರ ಅಣೆಕಟ್ಟಿನ ಕಡೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ನಾವು ಯಾವುದರ ಮೇಲೆ ಓಡಾಡುತ್ತಿದ್ದೆವು ಅಂತ. ಅಂಥ ಕಡೆ ಬಿದ್ದರೆ ಬೋರ್ಡಿನ ಅಡಿಯ ರೆಕ್ಕೆ ಬೊಡ್ಡೆಗೆ ಸಿಕ್ಕಿ, ರೆಕ್ಕೆ ಕೂರಿಸಿದ ಗೂಡೇ ಸೀಳುತ್ತದೆ, ಇಲ್ಲವೇ ಮಾಸ್ಟಿನ ತುದಿ ತಳಕ್ಕೆ ಊರಿ ಮುರಿಯುತ್ತದೆ. ದೋಣಿಯವರನ್ನು ಕೇಳಿ, ಅವರು ಬೇಡ ಅಂದ ಕಡೆ ಹೋಗದಿರುವುದೇ ಅದಕ್ಕೆ ಮದ್ದು.

ಈಗ ಉಳಿದಿರುವುದು ಒಂದೇ. ಬಿದ್ದ ಮೇಲೆ ಮತ್ತೆ ಬೋರ್ಡ್ ಹತ್ತುವಾಗ ಹಾರ್ನೆಸ್ಸಿನ ಕಬ್ಬಿಣದ ಕೊಕ್ಕೆ ಬೋರ್ಡಿನ ಪಕ್ಕಕ್ಕೆ ಉಜ್ಜುತ್ತದೆ. ಗೀರು ಎಲ್ಲಾ ಒಂದೇ ಕಡೆ, ಮಾಸ್ಟಿನ ಬುಡದಿಂದ ಸ್ವಲ್ಪ ಹಿಂದೆ. ಅಲ್ಲಿಗೂ ಅಚ್ಚು ಕತ್ತರಿಸಿ ಇಟ್ಟಿದ್ದೇನೆ. 10 ಮಿಲಿಮೀಟರ್ ಬೇಡ, 3 ಸಾಕು. ಮುಂದಿನ ಸಲ ಗಾಂಧಿ ಬಜಾರಿಗೆ ಹೋದಾಗ ಒಂದು ಹಾಳೆ ತರಬೇಕು.